ಗುಲಾಬಿ ಈರುಳ್ಳಿಗೆ ಬೀಗಮುದ್ರೆ

(ಚಾಮರಾಜಪೇಟೆಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈರುಳ್ಳಿಯ ಬೆಲೆ ಏರಿದಾಗ ಮೊದಲು ಗೊಣಗುವವರು ನಾವೇ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ಕಾರ್ಮಿಕ ಗೊಣಗದೆ ಇನ್ನಾರು ಗೊಣಗಬೇಕು? ತಳ್ಳುಗಾಡಿಯ ವ್ಯಾಪಾರಿಗೂ ಸುಖವಿಲ್ಲ. ಕಿಲೋ ಕೊಳ್ಳುತ್ತಿದ್ದವರು ಕಾಲು ಕಿಲೋ ಕೇಳುತ್ತಾರೆ. ಆಗ ದೆಹಲಿಯ ಸರ್ಕಾರ ರಫ್ತಿನ ಬಾಗಿಲು ಮುಚ್ಚುತ್ತದೆ. ಅದೂ ನಮ್ಮ ಹೆಸರಿನಲ್ಲಿ. ನಮ್ಮ ಹೆಸರಿನಲ್ಲಿ ನಡೆಯುವುದೇನೆಂದು ನಾವು ತಿಳಿಯಬೇಡವೇ?

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರು ಗುಲಾಬಿ ಈರುಳ್ಳಿ ಬೆಳೆಯುತ್ತಾರೆ. ಸಣ್ಣ ಗಡ್ಡೆ, ಕಡುಗೆಂಪು ಬಣ್ಣ, ಬಲು ಖಾರ. 2015ರಲ್ಲಿ 'ಬೆಂಗಳೂರು' ಎಂಬ ಹೆಸರಿನೊಡನೆ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. ಹೆಸರು ನಮ್ಮ ಊರಿನದು, ಆದರೆ ನಮ್ಮ ಸಾರಿನಲ್ಲಿ ಅದಿಲ್ಲ. ಅದನ್ನು ಉಣ್ಣುವವರು ಮಲೇಷ್ಯಾ, ಸಿಂಗಪುರ, ಶ್ರೀಲಂಕೆಯ ಜನ. ಹಡಗು ನಿಂತರೆ ಆ ಬೆಳೆಗೆ ಗಿರಾಕಿಯೇ ಇಲ್ಲ.

2019ರ ಸೆಪ್ಟೆಂಬರ್ 29ರಂದು ಎಲ್ಲ ಈರುಳ್ಳಿಯ ರಫ್ತನ್ನೂ ನಿಷೇಧಿಸಲಾಯಿತು. ದೆಹಲಿಗೆ ಬಂದಿದ್ದ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ, ಮುಂಚಿತವಾಗಿ ಒಂದು ಮಾತು ಹೇಳಬೇಕಿತ್ತೆಂದು ದೂರಿದರು. ದೊರೆಗೆ ದೂರಲು ವೇದಿಕೆಯಿತ್ತು. ಎರಡು ಎಕರೆಯ ರೈತನಿಗೆ ಯಾವ ವೇದಿಕೆ? ಗುಲಾಬಿ ಈರುಳ್ಳಿಗೆ ವಿನಾಯಿತಿ ಬಂದದ್ದು ಅಕ್ಟೋಬರ್ 28ರಂದು. ಅದೂ 9,000 ಟನ್ನಿಗೆ ಮಾತ್ರ.

2020ರಲ್ಲೂ ಅದೇ ಕಥೆ. ಸೆಪ್ಟೆಂಬರ್ 14ಕ್ಕೆ ನಿಷೇಧ, ಅಕ್ಟೋಬರ್ 9ಕ್ಕೆ 10,000 ಟನ್ನಿನ ಅಪ್ಪಣೆ, ಚೆನ್ನೈ ಬಂದರಿನಿಂದ ಮಾತ್ರ. 2023ರ ಆಗಸ್ಟ್ 19ಕ್ಕೆ ಶೇಕಡಾ 40ರ ರಫ್ತು ಸುಂಕ, ವಿನಾಯಿತಿ ಸೆಪ್ಟೆಂಬರ್ 29ಕ್ಕೆ. 2024ರ ಮೇ 4ಕ್ಕೆ ಮತ್ತೆ ಸುಂಕ, ಮೇ 29ಕ್ಕೆ ವಿನಾಯಿತಿ.

ನಾಲ್ಕು ಸಲವೂ ವಿನಾಯಿತಿ ಕೊಟ್ಟಿತೆಂದರೆ ಅರ್ಥವೇನು? ಈ ಈರುಳ್ಳಿಯನ್ನು ತಡೆದರೆ ಊರಿನ ಬಡವನಿಗೆ ಲಾಭವಿಲ್ಲವೆಂದು ಸರ್ಕಾರವೇ ಒಪ್ಪಿದಂತಾಯಿತು. ಒಪ್ಪಲು ಮೂರು ನಾಲ್ಕು ವಾರ, ಒಮ್ಮೆ ಆರು ವಾರ ಬೇಕಾಯಿತು. ಅಷ್ಟರಲ್ಲಿ ಕಿತ್ತ ಗಡ್ಡೆ ಕಾಯುತ್ತದೆಯೇ? ಸಾಲಗಾರ ಕಾಯುತ್ತಾನೆಯೇ? ದಾಸ್ತಾನಿಗೆ ಜಾಗವಿಲ್ಲದ ರೈತ ಸಿಕ್ಕಿದ ಬೆಲೆಗೆ ಮಾರುತ್ತಾನೆ. ತಡವಾಗಿ ಬರುವ ಅಪ್ಪಣೆ ರಫ್ತುದಾರನ ಕೈ ಸೇರುತ್ತದೆ. ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಪಡೆದು ಸರಕು ಸಾಗಿಸುವವನು ಅವನೇ.

ಗಿರಣಿಯ ಗೇಟಿಗೆ ಬೀಗಮುದ್ರೆ ಬಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಿಂಗಳ ಮೇಲೆ ಬೀಗ ತೆಗೆದರೆ, ಹೋದ ತಿಂಗಳ ಕೂಲಿ ಕೊಡುವವರಾರು? ರೈತನಿಗೆ ಆದದ್ದೂ ಇಂಥದೇ ಬೀಗಮುದ್ರೆ.

ಹಾಗಾದರೆ ನಮ್ಮ ಈರುಳ್ಳಿ ತುಟ್ಟಿಯಾಗಲೆನ್ನುತ್ತೀರಾ, ಎಂದು ಕೇಳಬಹುದು. ಇಲ್ಲ. 2019ರಲ್ಲಿ ಸೆಪ್ಟೆಂಬರಿನಲ್ಲೇ ನಿಷೇಧ ಬಂದಿದ್ದರೂ, ಮಳೆಗೆ ಬೆಳೆ ಹಾಳಾದುದರಿಂದ ಡಿಸೆಂಬರಿನಲ್ಲಿ ಬೆಂಗಳೂರಿನ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿತು. ಬರಿಯ ಬೀಗ ನಮ್ಮನ್ನು ಕಾಪಾಡಲಿಲ್ಲ. ಸುಗ್ಗಿಯಲ್ಲಿ ನ್ಯಾಯವಾದ ಬೆಲೆಗೆ ಕೊಂಡು, ಕೆಡದಂತೆ ಇಟ್ಟು, ಅಭಾವದಲ್ಲಿ ನ್ಯಾಯಬೆಲೆಗೆ ಹಂಚುವ ಏರ್ಪಾಡು ಬೇಕು.

2025ರ ಏಪ್ರಿಲ್ 1ರಿಂದ ಈರುಳ್ಳಿಯ ರಫ್ತು ಸುಂಕವನ್ನು ತೆಗೆಯಲಾಯಿತು. ಆದರೆ ಮುಂದೆ ಎಂದಾದರೂ ಬೀಗ ಹಾಕುವ ಮಾತು ಬಂದರೆ, ಗುಲಾಬಿ ಈರುಳ್ಳಿಗೆ ವಿನಾಯಿತಿ ಮೊದಲ ದಿನವೇ, ಅದೇ ಆಜ್ಞೆಯಲ್ಲೇ ಇರಲಿ. ಈ ಬೇಡಿಕೆಯನ್ನು ರೈತನೊಬ್ಬನೇ ಇಟ್ಟರೆ ಸಾಲದು. ನಮ್ಮ ಹೆಸರಿನಲ್ಲಿ ಅವನಿಗೆ ನಷ್ಟವಾಗಿದೆ. ಆದ್ದರಿಂದ ಬೇಡಿಕೆ ನಮ್ಮ ಬಾಯಿಂದಲೂ ಬರಬೇಕು.