ಊರಿನ ಹೊತ್ತು, ಕಡಲಿನ ನಕ್ಷತ್ರ



ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಕಡಲಲ್ಲಿದ್ದು ನಕ್ಷತ್ರ ನೋಡುವವರ ಬಗ್ಗೆ ಮಾತಾಡುತ್ತೇನೆ ಅಂದಾಗ, ಉತ್ತರ ಕ್ಯಾರೊಲಿನಾದ ನಮ್ಮ ಕ್ಯಾರಿಗೂ ಅದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಿದರು. ಇಲ್ಲಿಂದ ಅರ್ಧ ಗಂಟೆ ದೂರದ ಚಾಪೆಲ್ ಹಿಲ್‌ನಲ್ಲಿ ಮೋರ್‌ಹೆಡ್ ತಾರಾಲಯವಿದೆ. 1959ರಿಂದ 1975ರವರೆಗೆ ನಾಸಾದ ಗಗನಯಾತ್ರಿಗಳು ಅದೇ ಗುಮ್ಮಟದ ಕೆಳಗೆ ಕೂತು ನಕ್ಷತ್ರಗಳನ್ನು ಗುರುತಿಸಲು ಕಲಿತರು. ಚಂದ್ರನ ಮೇಲೆ ನಡೆದ 12 ಮಂದಿಯಲ್ಲಿ 11 ಮಂದಿ ಇಲ್ಲಿ ಪಾಠ ಹೇಳಿಸಿಕೊಂಡವರು. 1969ರ ನವೆಂಬರ್‌ನಲ್ಲಿ ಅಪೊಲೊ 12 ನೆಲ ಬಿಟ್ಟ ಮೊದಲ ನಿಮಿಷದಲ್ಲೇ ಎರಡು ಸಲ ಸಿಡಿಲು ಬಡಿದು, ನೌಕೆಯ ದಿಕ್ಕು ಹಿಡಿಯುವ ವ್ಯವಸ್ಥೆ ಲೆಕ್ಕ ತಪ್ಪಿತು. ಭೂಮಿಯನ್ನು ಸುತ್ತುತ್ತಲೇ ಅದರಲ್ಲಿದ್ದ ಮೂವರು ನಕ್ಷತ್ರಗಳನ್ನು ಹಿಡಿದು ಅದನ್ನು ಸರಿಪಡಿಸಿಕೊಂಡರು. ನೌಕೆಯಲ್ಲಿದ್ದದ್ದು ಸೆಕ್ಸ್‌ಟೆಂಟ್, ಕೋನ ಅಳೆಯಲು ಹಡಗಿನವರಿಂದ ಬಂದ ಉಪಕರಣ.

ನಕ್ಷತ್ರ ಅಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಜಾತಕ, ಆಮೇಲೆ ಮಳೆ. ರೋಹಿಣಿ ಮಳೆ, ಮೃಗಶಿರೆ ಮಳೆ, ಆರಿದ್ರಾ ಮಳೆ ಎಂದು ಲೆಕ್ಕ ಹಿಡಿದು ಬಿತ್ತಿದವರ ಮೊಮ್ಮಕ್ಕಳು ನಾವು. ಆದರೆ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ಸೂರ್ಯ ಆಗ ಅದೇ ಭಾಗದಲ್ಲಿರುತ್ತಾನೆ, ಜೊತೆಗೆ ಮೋಡ. ರೈತನಿಗೆ ನಕ್ಷತ್ರ ಪಂಚಾಂಗದೊಳಗಿದ್ದರೆ ಸಾಕಿತ್ತು. ಕಡಲಿನವನಿಗೆ ಅದು ಕಣ್ಣಿಗೇ ಕಾಣಬೇಕು. ಅವನು ಕೇಳುವುದು ಒಂದೇ: ನಾನು ಈಗ ಎಲ್ಲಿದ್ದೇನೆ?

ನಮ್ಮ ಕರಾವಳಿಗೆ ಈ ಪ್ರಶ್ನೆ ಹಳೆಯದು. ವಿಜಯನಗರದ ದೇವರಾಯನ ಆಸ್ಥಾನಕ್ಕೆ 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮರುವರ್ಷ ಮರಳಿ ಹೋಗಲು ಹಡಗು ಹತ್ತಿದ್ದು ಹೊನ್ನಾವರದಲ್ಲಿ. ಆ ಕಾಲದ ಅರಬ್ ನಾವಿಕರ ಕೈಯಲ್ಲಿ ಕಮಾಲ್ ಎಂಬ ಸಾಧನ ಇರುತ್ತಿತ್ತು. ಅಂಗೈಯಗಲದ ಮರದ ಹಲಗೆ, ನಡುವೆ ತೂತು, ತೂತಿನಿಂದ ಗಂಟು ಗಂಟಾದ ದಾರ. ಗಂಟನ್ನು ಹಲ್ಲಲ್ಲಿ ಕಚ್ಚಿ ದಾರ ಬಿಗಿಯಾಗುವಂತೆ ಹಲಗೆಯನ್ನು ಮುಂದೆ ಚಾಚಬೇಕು. ಕೆಳ ಅಂಚು ದಿಗಂತಕ್ಕೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ಕೂಡಿದರೆ ನೀವು ಆ ಗಂಟಿನ ಅಕ್ಷಾಂಶದಲ್ಲಿದ್ದೀರಿ. ಒಂದೊಂದು ಬಂದರಿಗೆ ಒಂದೊಂದು ಗಂಟು. ಧ್ರುವ ಬೇಕಾದ ಎತ್ತರಕ್ಕೆ ಇಳಿಯುವವರೆಗೆ ದಕ್ಷಿಣಕ್ಕೆ ಸಾಗಿ, ಆಮೇಲೆ ಅದನ್ನು ಅಷ್ಟರಲ್ಲೇ ಇಟ್ಟುಕೊಂಡು ಪೂರ್ವಕ್ಕೆ ತಿರುಗಿದರೆ ಹೊನ್ನಾವರವಿರುವ ಶರಾವತಿಯ ಅಳಿವೆ ಸಿಗುತ್ತದೆ. ಆಗ ಧ್ರುವ ನಕ್ಷತ್ರ ಆಕಾಶದ ನಿಜವಾದ ಧ್ರುವಬಿಂದುವಿನಿಂದ ಮೂರೂವರೆ ನಾಲ್ಕು ಡಿಗ್ರಿ ಸರಿದಿತ್ತು. ಅದನ್ನು ಕಳೆದು ಕೂಡಿಸುವ ಲೆಕ್ಕವೂ ಅವರಿಗೆ ಗೊತ್ತಿತ್ತು. ಈ ಜನರ ಬುದ್ಧಿಯ ಮುಂದೆ ನನಗೆ ತಲೆಬಾಗಬೇಕೆನಿಸುತ್ತದೆ.

ಇಂದು ಹೊನ್ನಾವರದಲ್ಲಿ ಧ್ರುವ 14 ಡಿಗ್ರಿ ಎತ್ತರದಲ್ಲಿದ್ದಾನೆ, ಕ್ಯಾರಿಯಲ್ಲಿ ಸುಮಾರು 36. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ. ಅಲ್ಲಿ ಒಂದೂವರೆ ಮುಷ್ಟಿಯಿದ್ದವನು ಇಲ್ಲಿ ಮೂರೂವರೆ ಮುಷ್ಟಿಗೆ ಏರಿದ್ದಾನೆ. ನಾವು ಎಷ್ಟು ಉತ್ತರಕ್ಕೆ ಬಂದಿದ್ದೇವೆ ಎಂಬ ಲೆಕ್ಕ ಅಷ್ಟೇ.

ಈ ಕಾಲದಲ್ಲೂ ಹೀಗೆ ಪ್ರಯಾಣ ಮಾಡಿದವರಿದ್ದಾರೆ. ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆಯಲ್ಲಿ ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಎಲ್ಲೂ ನಿಲ್ಲದೆ ಭೂಮಿ ಸುತ್ತಬೇಕು. ಜಿಪಿಎಸ್ ನೋಡುವಂತಿಲ್ಲ, ಕಾಗದದ ನಕ್ಷೆ, ಗಡಿಯಾರ, ಸೆಕ್ಸ್‌ಟೆಂಟ್. ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2018ರಲ್ಲಿ ಗೋವಾದಲ್ಲಿ ಕಟ್ಟಿಸಿದ 'ಥುರಿಯಾ' ದೋಣಿಯಲ್ಲಿ ಹೊರಟರು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿ ಮಗುಚಿ, ಹಾಯಿಕಂಬಗಳು ಮುರಿದು, ಅವರ ಬೆನ್ನುಮೂಳೆ ಜಖಂ ಆಯಿತು. ಏಳಲಾಗದೆ ಮಲಗಿದ್ದವರನ್ನು ಫ್ರೆಂಚ್ ಹಡಗೊಂದು ಎತ್ತಿಕೊಂಡಿತು. ಅದೇ ಮನುಷ್ಯ 2022ರಲ್ಲಿ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಫ್ರಾನ್ಸಿನ ದಡ ಮುಟ್ಟಿದರು. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ.

ಹೀಗೆ ಹೋದವರಿಗೆ ನಕ್ಷತ್ರ ಹಿಡಿಯುವ ಹೊತ್ತು ದಿನಕ್ಕೆ ಎರಡೇ ಸಲ. ಪೂರ್ತಿ ಕತ್ತಲಾದರೆ ದಿಗಂತ ಕಾಣದು, ಬೆಳಕಿದ್ದರೆ ನಕ್ಷತ್ರ ಕಾಣದು. ಎರಡೂ ಒಟ್ಟಿಗೆ ಕಾಣುವುದು ನಸುಕಿನಲ್ಲಿ ಮತ್ತು ಮನೆಗಳಲ್ಲಿ ದೇವರ ದೀಪ ಹಚ್ಚುವ ಮುಸ್ಸಂಜೆಯಲ್ಲಿ. ಭೂಮಧ್ಯರೇಖೆಯ ಹತ್ತಿರ ಅದು ಅರ್ಧ ಗಂಟೆಯೂ ಇರುವುದಿಲ್ಲ. ಅಷ್ಟರಲ್ಲಿ ಕುಣಿಯುವ ದೋಣಿಯ ಮೇಲೆ ಕಾಲೂರಿ, ಸೆಕ್ಸ್‌ಟೆಂಟಿನ ಕನ್ನಡಿಯಲ್ಲಿ ನಕ್ಷತ್ರವನ್ನು ದಿಗಂತದವರೆಗೆ ಇಳಿಸಿ, ಆ ಕ್ಷಣದ ಗಂಟೆ ನಿಮಿಷ ಸೆಕೆಂಡು ಬರೆದುಕೊಳ್ಳಬೇಕು. ಒಂದು ನಕ್ಷತ್ರ ನಿಮಗೆ ಜಾಗ ಹೇಳುವುದಿಲ್ಲ. ನಕ್ಷೆಯ ಮೇಲೆ ಒಂದು ಗೆರೆ ಮಾತ್ರ ಕೊಡುತ್ತದೆ, ನೀವು ಆ ಗೆರೆಯ ಮೇಲೆ ಎಲ್ಲೋ ಇದ್ದೀರಿ ಅಂತ. ಮೂರು ನಕ್ಷತ್ರ ಹಿಡಿದರೆ ಮೂರು ಗೆರೆ. ಅವು ಒಂದೇ ಬಿಂದುವಿನಲ್ಲಿ ಕೂಡುವುದು ಅಪರೂಪ, ನಡುವೆ ಒಂದು ಸಣ್ಣ ತ್ರಿಕೋನ ಉಳಿಯುತ್ತದೆ. ಅನುಭವಿ ನಾವಿಕ ಆ ತ್ರಿಕೋನದಲ್ಲಿ ಬಂಡೆಗೆ ಅತಿ ಹತ್ತಿರವಿರುವ ಮೂಲೆಯಲ್ಲೇ ತಾನಿದ್ದೇನೆ ಎಂದು ತಿಳಿದು ಚುಕ್ಕಾಣಿ ಹಿಡಿಯುತ್ತಾನೆ. ಫೋನಿನ ನೀಲಿ ಚುಕ್ಕೆಯನ್ನು ನಂಬಿ ನಡೆಯುವ ನಾವು ಈ ಎಚ್ಚರ ಕಲಿತರೆ ಒಳ್ಳೆಯದು. ಅನ್ನಾಪೊಲಿಸ್‌ನಲ್ಲಿರುವ ಅಮೆರಿಕದ ನೌಕಾ ಅಕಾಡೆಮಿ ಈ ವಿದ್ಯೆಯನ್ನು ಒಮ್ಮೆ ಕೈಬಿಟ್ಟು, 2015ರಲ್ಲಿ ಮತ್ತೆ ಕಲಿಸಲು ಶುರುಮಾಡಿತು. ಉಪಗ್ರಹದ ಸಂಕೇತವನ್ನು ಶತ್ರು ಕೆಡಿಸಬಹುದು, ನಕ್ಷತ್ರವನ್ನಲ್ಲ.

ಇನ್ನು ಗಡಿಯಾರ. ನಾನು ಇವತ್ತು ಬಂದದ್ದೇ ಈ ಮಾತು ಹೇಳಲು. ಧ್ರುವ ನಿಮಗೆ ಉತ್ತರ ದಕ್ಷಿಣ ಹೇಳುತ್ತಾನೆ, ಪೂರ್ವ ಪಶ್ಚಿಮ ಹೇಳುವುದಿಲ್ಲ. ಅದಕ್ಕೆ ಹೊರಟ ಕಡೆಯ, ಇಲ್ಲವೇ ಗೊತ್ತಿರುವ ಯಾವುದಾದರೂ ಒಂದು ಕಡೆಯ ಹೊತ್ತು ಬೇಕು. ಹಡಗಿನ ಮುಖ್ಯ ಗಡಿಯಾರವನ್ನು ಯಾವ ಬಂದರಿಗೆ ಹೋದರೂ ಅಲ್ಲಿಯ ಸಮಯಕ್ಕೆ ತಿರುಗಿಸುವುದಿಲ್ಲ; ಅದು ಗ್ರೀನಿಚ್‌ನ ಹೊತ್ತನ್ನೇ ತೋರಿಸುತ್ತಿರುತ್ತದೆ. ಇಲ್ಲಿಯ ಮಧ್ಯಾಹ್ನಕ್ಕೂ ಅಲ್ಲಿಯ ಹೊತ್ತಿಗೂ ಇರುವ ಅಂತರವೇ ನಿಮ್ಮ ರೇಖಾಂಶ. ನಾಲ್ಕು ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಒಂದು ನಾಟಿಕಲ್ ಮೈಲಿ ತಪ್ಪುತ್ತದೆ. ಹೊನ್ನಾವರಕ್ಕೂ ಕ್ಯಾರಿಗೂ ನಡುವೆ ರೇಖಾಂಶದ ಅಂತರ 153 ಡಿಗ್ರಿ, ಸೂರ್ಯನ ಲೆಕ್ಕದಲ್ಲಿ ಹತ್ತು ಗಂಟೆ ಚಿಲ್ಲರೆ. ಅಮ್ಮನಿಗೆ ಫೋನು ಮಾಡುವ ಮೊದಲು 'ಊರಲ್ಲಿ ಈಗ ಎಷ್ಟು ಗಂಟೆ' ಎಂದು ಮನಸ್ಸಿನಲ್ಲೇ ಕೂಡಿಸುವ ನೀವೆಲ್ಲ ದಿನವೂ ಮಾಡುತ್ತಿರುವುದು ಈ ನಾವಿಕರ ಲೆಕ್ಕವನ್ನೇ. ಊರಿನ ನೆನಪನ್ನು ಇಟ್ಟುಕೊಂಡರೆ ಇಲ್ಲಿಯವರಾಗುವುದಿಲ್ಲ ಎಂದು ಚಿಂತಿಸುವವರನ್ನು ನಾನು ಕಂಡಿದ್ದೇನೆ. ಕಡಲು ಹಾಗೆ ಹೇಳುವುದಿಲ್ಲ. ಹೊರಟ ಕಡೆಯ ಹೊತ್ತು ಮರೆತವನಿಗೇ ತಾನು ತಲುಪಿದ್ದು ಎಲ್ಲಿಗೆ ಎಂದು ತಿಳಿಯದೆ ಹೋಗುವುದು.

ಆದರೆ ಭೂಮಧ್ಯರೇಖೆ ದಾಟಿದರೆ ಧ್ರುವನೇ ಇಲ್ಲ. ಅಲುಗದವನು ಎಂದು ಅಜ್ಜಿಯಿಂದ ಕೇಳಿದ ಆ ಹುಡುಗ ಅರ್ಧ ಭೂಮಿಗೆ ಮಾತ್ರ ಕಾಣುತ್ತಾನೆ. ಅವನು ಕಾಣದ ಆ ಕಡಲಿಗೂ ನಮ್ಮವರು ಹೋಗಿದ್ದಾರೆ. 2017ರ ಸೆಪ್ಟೆಂಬರ್ 10ರಂದು ಭಾರತದ ನೌಕಾಪಡೆಯ ಆರು ಮಹಿಳೆಯರು 'ತಾರಿಣಿ' ಎಂಬ 56 ಅಡಿಯ ಹಾಯಿದೋಣಿಯಲ್ಲಿ ಗೋವಾ ಬಿಟ್ಟು 254 ದಿನಗಳಲ್ಲಿ ಭೂಮಿ ಸುತ್ತಿ ಬಂದರು. 2024ರ ಅಕ್ಟೋಬರ್‌ನಲ್ಲಿ ಅದೇ ದೋಣಿಯಲ್ಲಿ ಹೊರಟವರು ಇಬ್ಬರೇ, ದಿಲ್ನಾ ಮತ್ತು ರೂಪಾ. 2025ರ ಜನವರಿ ಕೊನೆಗೆ ಅವರು ಪೆಸಿಫಿಕ್ ಸಾಗರದ ನೀಮೊ ಬಿಂದುವನ್ನು ದಾಟಿದರು. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ನೆಲ 2,688 ಕಿಲೋಮೀಟರಿಗಿಂತ ಹತ್ತಿರ ಸಿಗುವುದಿಲ್ಲ. ಒಬ್ಬರು ಮಲಗಿದಾಗ ಇನ್ನೊಬ್ಬರು ಪಾಳಿ ಕಾಯುವ ಆ ರಾತ್ರಿಗಳಲ್ಲಿ ತಲೆಯ ಮೇಲೆ ಯಾರಿರುತ್ತಾರೆ? ಅಗಸ್ತ್ಯ ನಕ್ಷತ್ರ. ಕಡಲು ಕುಡಿದ, ದಕ್ಷಿಣಕ್ಕೆ ಹೋಗಿ ಮರಳಿ ಬಾರದ ಅಗಸ್ತ್ಯ. ಅವನು ಮೂಡಿದರೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಎಂದು ವರಾಹಮಿಹಿರ ಬರೆದಿದ್ದಾನೆ. ಮೋಡ ಕಟ್ಟಿದರೆ ಕಾಣದಿರಬಹುದು, ಆದರೆ ದಕ್ಷಿಣ ಸಾಗರದ ಆ ಅಕ್ಷಾಂಶಗಳಲ್ಲಿ ಅವನು ಮುಳುಗುವುದೇ ಇಲ್ಲ.

ಕ್ಯಾರಿಯಲ್ಲಿ ಅವನು ಏರುವುದು ದಿಗಂತದಿಂದ ಒಂದೂವರೆ ಡಿಗ್ರಿ. ಮರಗಳ ಹಿಂದೆ ಮರೆಯಾಗುತ್ತಾನೆ. ಇದೇ ರಾಜ್ಯದ ಕೇಪ್ ಲುಕ್‌ಔಟ್ ತೀರದಲ್ಲಿ ಮರಗಳ ಅಡ್ಡಿಯಿಲ್ಲ, 2021ರಿಂದ ಅದು ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನ. ಅಲ್ಲಿ ದಕ್ಷಿಣಕ್ಕೆ ಬರೀ ಕಡಲು. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತಕ್ಕೆ ಸ್ವಲ್ಪ ಮೊದಲು ಲುಬ್ಧಕನ ನೇರ ಕೆಳಗೆ, ನೀರಿನಿಂದ ಎರಡು ಬೆರಳಿನಷ್ಟು ಮೇಲೆ ಅಗಸ್ತ್ಯ ಸಿಗುತ್ತಾನೆ. ಚಂದ್ರನಿಲ್ಲದ ರಾತ್ರಿ ಬೇಕು. ಶಿವರಾತ್ರಿ ಬರುವುದೇ ಅಮಾವಾಸ್ಯೆಯ ಮುನ್ನಾ ದಿನದ ಹೊತ್ತಿಗೆ, ಹೇಗೂ ಜಾಗರಣೆ. ಮುಂದಿನ ಶಿವರಾತ್ರಿಯನ್ನು ಅಲ್ಲೇ ಮಾಡೋಣ ಎಂದು ನನ್ನ ಆಸೆ. ಹಗಲಲ್ಲೇ ದೋಣಿ ಹತ್ತಿ ಹೋಗಿ ಮರಳಿನ ಮೇಲೆ ಡೇರೆ ಹಾಕಬೇಕು. ಬೆಚ್ಚನೆಯ ಬಟ್ಟೆ, ಕುಡಿಯುವ ನೀರು, ಕೆಂಪು ಗಾಜಿನ ಟಾರ್ಚು ತನ್ನಿ. ಬರುವವರು ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ಹೆಸರು ಬರೆಸಿ ಹೋಗಿ, ಮಕ್ಕಳ ಹೆಸರನ್ನೂ.