ಬೋರ್ಡಿನ ಮೂಲೆಯ 'ಪ್ರೊ'



ನಿಮ್ಮೂರಿನ ಕಿರಾಣಿ ಅಂಗಡಿಯ ಬೋರ್ಡನ್ನೊಮ್ಮೆ ನೋಡಿ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಪ್ರೊ' ಎಂದಿದ್ದು, ಮುಂದೆ ಒಬ್ಬರ ಹೆಸರಿರುತ್ತದೆ. ಪ್ರೊಪ್ರೈಟರ್, ಅಂದರೆ ಅವರೊಬ್ಬರೇ ಮಾಲೀಕರು. ಕಾನೂನಿನ ಕಣ್ಣಿಗೆ ಅವರೂ ಅಂಗಡಿಯೂ ಬೇರೆಯಲ್ಲ. ಎರಡಕ್ಕೂ ಒಂದೇ ಪ್ಯಾನ್ ಕಾರ್ಡು. ಲಾಭವೆಲ್ಲ ಅವರದೇ, ನಿಜ. ಆದರೆ ಅಂಗಡಿಯ ಸಾಲ ತೀರದಿದ್ದರೆ ಅದು ಅವರ ಮನೆ, ಒಡವೆಯವರೆಗೂ ಬರಬಹುದು.

ಧಾರವಾಡದ ಕಡೆ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಅಂಥ ಒಬ್ಬ ತಾಯಿ ನಾಳೆ ಹೀಗೆ ಒಬ್ಬರೇ ಮಾಲೀಕರಾಗಿ ವ್ಯಾಪಾರ ಶುರು ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ತಿನ್ನುವ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ನೋಂದಣಿ ಬೇಕೇ ಬೇಕು. ಅಂಗಡಿ ಹಾಕಿದರೆ ಪಾಲಿಕೆಯ ಅಥವಾ ಪಂಚಾಯಿತಿಯ ಪರವಾನಗಿ. ಕೇಂದ್ರ ಸರ್ಕಾರದ 'ಉದ್ಯಮ' ನೋಂದಣಿ 2020ರ ಜುಲೈ 1ರಿಂದ ಇದೆ. ಅದು ಪೂರ್ತಿ ಉಚಿತ. ಮಾಡಿಸಿಕೊಡುತ್ತೇವೆಂದು ಸಾವಿರಗಟ್ಟಲೆ ಕೇಳುವವರಿಗೆ ದಯವಿಟ್ಟು ಕೊಡಬೇಡಿ. ಬಂಡವಾಳಕ್ಕೆ ಮುದ್ರಾ ಯೋಜನೆಯ 'ಶಿಶು' ಸಾಲವಿದೆ, 50,000 ರೂಪಾಯಿವರೆಗೆ.

ಈ ನೋಂದಣಿ, ಪರವಾನಗಿ ಕಾಗದಗಳಿಗೆ ಇನ್ನೊಂದು ಉಪಯೋಗವೂ ಉಂಟು. ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಲು ಹೋದಾಗ ಬ್ಯಾಂಕಿನವರು ಇವನ್ನೇ ಕೇಳುತ್ತಾರೆ. ಆ ಖಾತೆಯನ್ನು ಮೊದಲ ದಿನವೇ ತೆರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. 2025ರ ಜುಲೈ ನೆನಪಿದೆಯಲ್ಲ? ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಯವರು ಹೆದರಿ ಕ್ಯೂಆರ್ ಚೀಟಿ ಕಿತ್ತು, 'ನಗದು ಮಾತ್ರ' ಎಂದು ಬರೆದು ಅಂಟಿಸಿದರು. ನೋಟಿಸಿನ ಹಿಂದಿದ್ದ ನಿಯಮ ಇದು: ತೆರಿಗೆ ಬೀಳುವ ಸರಕು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಇದು ಲಾಭದ ಲೆಕ್ಕವಲ್ಲ, ವಹಿವಾಟಿನದು. ದಿನಕ್ಕೆ 11,000 ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 40 ಲಕ್ಷ ದಾಟಿಬಿಡುತ್ತದೆ, ಕೈಯಲ್ಲಿ ಉಳಿಯುವುದು ಎಷ್ಟೇ ಇರಲಿ.

ವ್ಯಾಪಾರದ ಹಣ ಬರುವ ಖಾತೆಗೇ ತಮ್ಮ ಕಳಿಸಿದ ಕೈಗಡ, ಮಗಳ ಫೀಸಿಗೆ ಬಂದ ದುಡ್ಡು ಎಲ್ಲ ಸೇರಿಕೊಂಡಿದ್ದರೆ ಯಾವುದು ವ್ಯಾಪಾರದ್ದು ಎಂದು ತೋರಿಸುವುದು ಹೇಗೆ? ಕಾನೂನು ನಿಮ್ಮನ್ನೂ ಅಂಗಡಿಯನ್ನೂ ಒಂದೆಂದರೂ ಲೆಕ್ಕದ ಪುಸ್ತಕ ಬೇರೆಯೆನ್ನಬೇಕು. ಗಲ್ಲಾಪೆಟ್ಟಿಗೆಯಿಂದ ನೂರು ರೂಪಾಯಿ ತೆಗೆದು ಮನೆಗೆ ತರಕಾರಿ ತಂದಿರಾ? ಮಲಗುವ ಮೊದಲು ಆ ನೂರನ್ನು 'ಮನೆಗೆ' ಎಂದು ಬರೆದಿಡಿ.