ಎಪ್ಪತ್ತು ಗಂಟೆಗೆ ಎರಡು ಥಂಬ್ಸ್ ಅಪ್

ಬಸ್ಸಲ್ಲಿದ್ದೀರೋ, ಪಾತ್ರೆ ತೊಳೀತಿದ್ದೀರೋ, ಎಲ್ಲೇ ಇರಿ, ಇವತ್ತು ಸ್ವಲ್ಪ ಲೆಕ್ಕ ಮಾಡೋಣ. ಬಿಕಾಂ ಓದಿದವನು, ಇನ್ನೇನು ಮಾಡಲಿ.

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ್ರೆ ಕೇಕು, ಪಟಾಕಿ, ಚಪ್ಪಾಳೆ ಇಮೋಜಿಗಳ ಮೆರವಣಿಗೆ. 2019ರ ಡಿಸೆಂಬರಲ್ಲಿ ಚಿಕ್ಕಮ್ಮ ಮಗಳ ಫೋಟೊ ಹಾಕಿದ್ರು. ಕುತ್ತಿಗೆಯಲ್ಲಿ ಪುಟ್ಟ ಪದಕ, ಕೈಯಲ್ಲಿ ಸರ್ಟಿಫಿಕೇಟ್. ಅದಕ್ಕೆ ಬಂದಿದ್ದು ಎರಡೇ ಎರಡು ಥಂಬ್ಸ್ ಅಪ್. ಯಾಕಂದ್ರೆ ಅದು ಚರ್ಚಲ್ಲಿ ಸಿಕ್ಕಿದ್ದು. ಚಿಕ್ಕಮ್ಮನ ಮನೆಯವರು ಬೆಂಗಳೂರಲ್ಲಿ ಲ್ಯಾಟರ್-ಡೇ ಸೇಂಟ್ಸ್ ಚರ್ಚಿಗೆ ಹೋಗ್ತಾರೆ, ನಾವು ಉಳಿದವರು ಹೋಗಲ್ಲ. ಜಗಳ ಅಂತೇನಿಲ್ಲ. ಆ ವಿಷಯ ಬಂದಾಗ ಎಲ್ಲರಿಗೂ ಕಾಫಿ ನೆನಪಾಗುತ್ತೆ, ಅಷ್ಟೇ. (ಆ ಚರ್ಚಿನವರು ಕಾಫಿ ಕುಡಿಯಲ್ಲ, ಅದು ಇನ್ನೊಂದು ಕಥೆ!)

ಸರಿ, ಆ ಪದಕಕ್ಕೆ ಏನೇನು ಮಾಡಬೇಕಿತ್ತು? ಕಾರ್ಯಕ್ರಮದ ಹೆಸರು ಪರ್ಸನಲ್ ಪ್ರೋಗ್ರೆಸ್. 12ರಿಂದ 18 ವರ್ಷದ ಹುಡುಗಿಯರಿಗೆ. ನಂಬಿಕೆ, ಜ್ಞಾನ, ಸತ್ಕಾರ್ಯ, ಪ್ರಾಮಾಣಿಕತೆ ಹೀಗೆ ಒಟ್ಟು 8 ಮೌಲ್ಯ, ಒಂದೊಂದಕ್ಕೂ ಒಂದೊಂದು ಬಣ್ಣ. ಏಳು ಮೌಲ್ಯಗಳಲ್ಲಿ ತಲಾ ಆರು ಚಟುವಟಿಕೆ, ಜೊತೆಗೆ ಕನಿಷ್ಠ 10 ಗಂಟೆಯ ಒಂದು ಪ್ರಾಜೆಕ್ಟ್. ಎಂಟನೆಯದರಲ್ಲಿ ನಾಲ್ಕು ಚಟುವಟಿಕೆ, ಮತ್ತೆ ಇಡೀ ಬುಕ್ ಆಫ್ ಮಾರ್ಮನ್ ಓದಬೇಕು. ಇಂಗ್ಲಿಷಲ್ಲಿ ಅದು 531 ಪುಟ. ಕೂಡಿಸಿ ನೋಡಿ: 46 ಚಟುವಟಿಕೆ, 70 ಗಂಟೆ, ಮೇಲೊಂದು ದಪ್ಪ ಪುಸ್ತಕ. ಡೈರಿ ಬೇರೆ ಬರೀಬೇಕು. ಕೊನೆಗೆ ಬಿಷಪ್ ಜೊತೆ ಒಂದು ಮಾತುಕತೆ. ಅವರಲ್ಲಿ ಬಿಷಪ್ ಅಂದ್ರೆ ಸಂಬಳ ಇಲ್ಲದ, ಬೇರೆ ಕೆಲಸ ಮಾಡ್ಕೊಂಡಿರೋ ಮಾಮೂಲಿ ಮನುಷ್ಯ. ಇದಕ್ಕೆ ಟ್ಯೂಷನ್ ಇಲ್ಲ, ಗೈಡ್ ಇಲ್ಲ, ರ್‍ಯಾಂಕೂ ಇಲ್ಲ.

2019ರಲ್ಲಿ ಇನ್ನೊಂದು ಸುದ್ದಿ ಬಂತು. ವರ್ಷದ ಕೊನೆಗೆ ಈ ಕಾರ್ಯಕ್ರಮವೇ ನಿಲ್ಲುತ್ತೆ, 2020ರ ಜನವರಿಯಿಂದ ಹೊಸದು ಶುರು ಅಂತ. ಹೊಸದರಲ್ಲಿ ಮಕ್ಕಳೇ ತಮ್ಮ ಗುರಿ ಇಟ್ಕೋಬೇಕು. ನಮ್ಮ ಹುಡುಗಿಗೆ ಹಳೇದರಲ್ಲಿ ಎರಡು ಪ್ರಾಜೆಕ್ಟ್ ಬಾಕಿ ಇತ್ತು. ಅದರಲ್ಲಿ ಒಂದು, ಜ್ಞಾನದ್ದು.

ಇಲ್ಲಿ ಅಜ್ಜಿ ಬರ್ತಾರೆ. ಹುಡುಗಿ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತಾಳೆ, ಓದೋಕೆ ಮಾತ್ರ ಬಸ್ ಬೋರ್ಡ್ ತನಕ. ಅಜ್ಜಿಯ ಹಳೇ ಪತ್ರಗಳನ್ನ ತಾನೇ ಓದಬೇಕು ಅನ್ನೋದು ಅವಳ ಪ್ರಾಜೆಕ್ಟ್. ಚರ್ಚ್ ಅಂದ್ರೆ ಮುಖ ಗಂಟು ಹಾಕ್ತಿದ್ದ ಅಜ್ಜಿಯೇ ಮೇಷ್ಟ್ರು! ಒತ್ತಕ್ಷರಕ್ಕೇ ಮೂರು ಗಂಟೆ ಹೋಯ್ತಂತೆ. ಹತ್ತು ಗಂಟೆ ಮುಗಿದ ಮೇಲೂ ಅಜ್ಜಿ ಬಿಡಲಿಲ್ಲ, "ಇನ್ನೂ ಎರಡು ಕಾಗದ ಇದೆ, ಕೂತ್ಕೋ" ಅಂದ್ರಂತೆ.

ಪದಕ ಕೊಟ್ಟಿದ್ದು ಭಾನುವಾರದ ಸಭೆಯಲ್ಲಿ. ಹೆಸರು ಕರೆದ್ರು, ಕೊಟ್ರು, ಮುಂದೆ ಹೋದ್ರು. ಅಮೆರಿಕದಲ್ಲಿ ಇದೇ ಚರ್ಚಿನ ಹುಡುಗರು ಒಂದು ಶತಮಾನಕ್ಕೂ ಹೆಚ್ಚು ಕಾಲ ಸ್ಕೌಟ್ ಆಗಿದ್ರು. ಅಲ್ಲಿ ಈಗಲ್ ಸ್ಕೌಟ್ ಆದವನಿಗೆ ಸಾಮಾನ್ಯವಾಗಿ ಒಂದು ಪ್ರತ್ಯೇಕ ಸಮಾರಂಭ, ನೆಂಟರಿಷ್ಟರು, ಭಾಷಣ. ಹುಡುಗಿಗೆ ಸಭೆ ಮಧ್ಯೆ ಎರಡು ನಿಮಿಷ. ಹುಡುಗಿಯರ ಸಾಧನೆಗೆ ಸೌಂಡ್ ಕಡಿಮೆ ಇಡೋದ್ರಲ್ಲಿ ಎಲ್ಲ ಊರೂ ಒಂದೇ, ಅಲ್ವಾ?

ಆ ಥಂಬ್ಸ್ ಅಪ್ ಬಂದು ಎರಡು ದಿನಕ್ಕೆ ಗ್ರೂಪಿಗೆ ಅಜ್ಜಿಯ ವಾಯ್ಸ್ ನೋಟ್ ಬಂತು. ನಾಲ್ಕು ನಿಮಿಷದ್ದು. ಚರ್ಚಿನ ಹೆಸರೇ ಎತ್ತಲಿಲ್ಲ. ಯಾವ ಪತ್ರ ಓದಿದಳು, ಎಲ್ಲಿ ತಡವರಿಸಿದಳು, ತಾತ ಬರೆದ ಯಾವ ಸಾಲಿಗೆ ನಕ್ಕಳು, ಎಲ್ಲ ಹೇಳಿದ್ರು. ನಂಗೆ ಇದು ಮುಖ್ಯ ಅನ್ಸುತ್ತೆ. ಅಭಿನಂದನೆ ಹೇಳೋಕೆ ಅವರ ದೇವರನ್ನ ಒಪ್ಕೋಬೇಕಿಲ್ಲ, ಅವರು ಮಾಡಿದ ಕೆಲಸ ಗೊತ್ತಿದ್ರೆ ಸಾಕು. "ಸೂಪರ್" ಅಂತ ಟೈಪ್ ಮಾಡೋ ಬದಲು "ಆ 70 ಗಂಟೆಯಲ್ಲಿ ಯಾವುದು ಕಷ್ಟ ಆಯ್ತು?" ಅಂತ ಕೇಳಿ. ಮಕ್ಕಳು ಅರ್ಧ ಗಂಟೆ ಮಾತಾಡ್ತಾರೆ, ನೋಡಿ ಬೇಕಾದ್ರೆ.

ಅಜ್ಜಿ ನೋಟ್ ಕೇಳಿ ಅತ್ತೆ ಫೋನ್ ಮಾಡಿದ್ರು, ಇಬ್ಬರು ಮಾವಂದಿರು ಮನೆಗೇ ಹೋಗಿ ಬಂದ್ರು. ದೊಡ್ಡಪ್ಪ ಮಾತ್ರ ಇವತ್ತಿಗೂ ಏನೂ ಹೇಳಿಲ್ಲ. ಹುಡುಗಿ ಪ್ರತಿ ಹಬ್ಬಕ್ಕೂ ಅವರಿಗೆ ಒಂದು ಕಾಗದ ಬರೀತಾಳೆ, ಕನ್ನಡದಲ್ಲಿ, ಪೋಸ್ಟಲ್ಲಿ. ಅವು ವಾಪಸ್ ಬಂದಿಲ್ಲ.

ನಿಮ್ಮ ಮನೇಲೂ ಯಾರೂ ಗಮನಿಸದ ಪದಕ ಇದ್ರೆ ಒಂದು ವಾಯ್ಸ್ ನೋಟ್ ಕಳ್ಸಿ. ಮುಂದಿನ ವಾರ ಸಿಗೋಣ.